ಓಡುತ್ತಿರುವ ಪೋಸ್ಟ್‌ಗ್ರೆಸ್ ಅನ್ನು ಮುಟ್ಟದೇ ಬಿಡುವುದು ಸುರಕ್ಷಿತವೇ?

2022ರಲ್ಲಿ ಹಾಕಿದ ಪೋಸ್ಟ್‌ಗ್ರೆಸ್ 14 ಡೇಟಾಬೇಸ್, ಆಮೇಲೆ ಒಮ್ಮೆಯೂ ಮಾಡದ ಅಪ್‌ಡೇಟ್, ಅಡಿಕೆ ಸುಗ್ಗಿ ಬಂದಾಗ ಮಾತ್ರ ನಿಧಾನವಾಗುವ ಪರದೆ. ನಿಮ್ಮ ಪ್ರಶ್ನೆಯ ಈ ಮೂರು ವಿವರಗಳನ್ನು ಓದಿದಾಗ ನನ್ನದೇ ಹಳೆಯ ಕಡತವನ್ನು ಯಾರೋ ತೆರೆದು ಮುಂದಿಟ್ಟಂತಾಯಿತು. ಪ್ರತಿ ಬಿಡುಗಡೆಯಲ್ಲೂ ದೋಷ ಪರಿಹಾರ, ವೇಗ ಸುಧಾರಣೆ ಎಂದಷ್ಟೇ ಇರುತ್ತದೆ, ಆದ್ದರಿಂದ ಓಡುತ್ತಿರುವುದನ್ನು ಮುಟ್ಟದೆ, ವೇಗ ಬೇಕಾದರೆ ಬೇರೆ ಡೇಟಾಬೇಸ್‌ಗೆ ಹೋಗಬಹುದೇ ಎಂದು ಕೇಳಿದ್ದೀರಿ. ನಾನೂ ಹೀಗೆಯೇ ಯೋಚಿಸುತ್ತಿದ್ದೆ.

ತೀರ್ಥಹಳ್ಳಿ ಸೀಮೆಯ ಒಂದು ಸಹಕಾರ ಸಂಘಕ್ಕೆ ಅಡಿಕೆ ವಹಿವಾಟಿನ ತಂತ್ರಾಂಶ ಬರೆದುಕೊಟ್ಟು, ಅದರ ಸರ್ವರ್ ಅನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಬೆಳೆಗಾರರು ಚೀಲ ತರುತ್ತಾರೆ, ತೂಕವಾಗುತ್ತದೆ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆ ಬರೆದು ಲಾಟ್ ನಂಬರ್ ಕೊಡುತ್ತಾರೆ, ಟೆಂಡರ್‌ನಲ್ಲಿ ದರ ನಿಗದಿಯಾಗುತ್ತದೆ, ಹಮಾಲಿ, ಕಮಿಷನ್ ಮುಂತಾದವನ್ನು ಕಳೆದು ಉಳಿದ ಹಣ ಸದಸ್ಯರ ಖಾತೆಗೆ ಹೋಗುತ್ತದೆ. ಹೀಗೆ ಒಂದು ಲಾಟಿನ ಸಾಲನ್ನು ಚೀಲ ಇಳಿದ ದಿನದಿಂದ ಹಣ ಪಾವತಿಯಾಗುವ ದಿನದವರೆಗೆ ಆರೇಳು ಬಾರಿ ತಿದ್ದಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ತಿದ್ದುವುದೆಂದರೆ ಇದ್ದ ಸಾಲಿನ ಮೇಲೆಯೇ ಬರೆಯುವುದಲ್ಲ; ಹೊಸ ಪ್ರತಿಯನ್ನು ಬರೆದು ಹಳೆಯದನ್ನು ಹಾಗೆಯೇ ಬಿಡುವುದು. ಹಳೆಯ ಪ್ರತಿ ಯಾರಿಗೂ ಬೇಡವಾದ ಮೇಲೆ ವ್ಯಾಕ್ಯೂಮ್ ಎಂಬ ಕೆಲಸ ಬಂದು ಆ ಜಾಗವನ್ನು ತೆರವು ಮಾಡುತ್ತದೆ. ಮುಂದಿನದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

2022ರ ಮೇ ತಿಂಗಳಲ್ಲಿ ಸರ್ವರ್‌ಗೆ ಉಬುಂಟು 22.04 ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರೊಂದಿಗೆ ಬಂದ ಪೋಸ್ಟ್‌ಗ್ರೆಸ್ 14.2ರ ಮೇಲೆ ಕೆಲಸ ಆರಂಭಿಸಿದೆವು. ತಿಂಗಳ ಕೊನೆಯ ಹೊತ್ತಿಗೆ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ, ಯುಪಿಎಸ್ ಬರಿದಾಗಿ ಸರ್ವರ್ ಆರಿತು. ಬೆಳಿಗ್ಗೆ ಅದನ್ನು ಹೊತ್ತಿಸಿದ ಕೂಡಲೇ ರಾತ್ರಿಯಿಂದ ಬಾಕಿ ಉಳಿದಿದ್ದ ಸ್ವಯಂಚಾಲಿತ ಭದ್ರತಾ ಅಪ್‌ಡೇಟ್ ಶುರುವಾಗಿ, 14.3 ಬಂದು ಕುಳಿತು, ಕೌಂಟರ್‌ನಲ್ಲಿ ತೂಕದ ಚೀಟಿ ನಮೂದಾಗುತ್ತಿರುವಾಗಲೇ ಡೇಟಾಬೇಸ್ ಮರುಚಾಲನೆಯಾಯಿತು. ಪರದೆಗಳು ನಿಂತದ್ದು ಎರಡು ನಿಮಿಷವಿರಬಹುದು. ಕಾರ್ಯದರ್ಶಿಗಳು ಎಲ್ಲರ ಎದುರಿಗೆ, ಇನ್ನೊಮ್ಮೆ ಹೀಗಾಗಬಾರದು ಎಂದರು. ಅದೇ ಸಂಜೆ ನಾನು ಆಪ್ಟ್-ಮಾರ್ಕ್ ಹೋಲ್ಡ್ ಎಂಬ ಆದೇಶ ಕೊಟ್ಟು ಪೋಸ್ಟ್‌ಗ್ರೆಸ್ ಪ್ಯಾಕೇಜನ್ನು 14.3ರಲ್ಲೇ ಕಟ್ಟಿಹಾಕಿದೆ.

ಆ ಒಂದು ಸಾಲಿನ ಆದೇಶವೇ ನಾನು ಮಾಡಿದ ತಪ್ಪು. ಮರುಚಾಲನೆಯ ಹೊತ್ತನ್ನು ಬದಲಾಯಿಸುವುದು ಬೇರೆ, ಅಪ್‌ಡೇಟನ್ನೇ ನಿಲ್ಲಿಸುವುದು ಬೇರೆ. ನನಗೆ ಬೇಕಾಗಿದ್ದುದು ಮೊದಲನೆಯದು, ಮಾಡಿದ್ದು ಎರಡನೆಯದು. ಸ್ವಯಂಚಾಲಿತ ವ್ಯವಸ್ಥೆಯಿಂದ ಆ ಕೆಲಸ ತೆಗೆದುಕೊಂಡ ಮೇಲೆ ಅದು ನನ್ನ ತಲೆಯ ಮೇಲೆ ಬಂತು ಎಂಬುದನ್ನು ನಾನು ಎಲ್ಲಿಯೂ ಬರೆದಿಡಲಿಲ್ಲ, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಲಿಲ್ಲ, ಹೊಸ ಬಿಡುಗಡೆಗಳ ಟಿಪ್ಪಣಿಯನ್ನು ಓದಲೂ ಇಲ್ಲ. ಕೆಲವೇ ವಾರಗಳಲ್ಲಿ, ಜೂನ್ 16ರಂದು, 14.4 ಬಿಡುಗಡೆಯಾಯಿತು. ಪೋಸ್ಟ್‌ಗ್ರೆಸ್‌ನ ಚಿಕ್ಕ ಬಿಡುಗಡೆಗಳು ಸಾಮಾನ್ಯವಾಗಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಬರುತ್ತವೆ. ಜೂನ್‌ನಲ್ಲಿ ಬಂದಿದೆಯೆಂದರೆ ಅಭಿವೃದ್ಧಿಕಾರರು ಆಗಸ್ಟ್‌ವರೆಗೆ ಕಾಯಲು ಒಪ್ಪದ ದೋಷವೊಂದು ಅದರಲ್ಲಿದೆ ಎಂದರ್ಥ. ಅದನ್ನು ಓದಲು ಹತ್ತು ನಿಮಿಷ ಸಾಕಿತ್ತು.

ಸುಗ್ಗಿ ಶುರುವಾದಾಗ ಲಾಟುಗಳ ಪರದೆ ನಿಧಾನವಾಯಿತು. ನೋಡಿದರೆ ಇಂಡೆಕ್ಸ್‌ಗಳು, ಅಂದರೆ ಬೇಕಾದ ಸಾಲು ಎಲ್ಲಿದೆಯೆಂದು ತೋರಿಸುವ ಸೂಚಿಗಳು, ಬಹಳ ಊದಿಕೊಂಡಿದ್ದವು. ಏಕೆ ಊದಿಕೊಂಡವು ಎಂದು ಹುಡುಕದೆ, ಪ್ರತಿ ಶನಿವಾರ ರಾತ್ರಿ 9.45ಕ್ಕೆ ರೀಇಂಡೆಕ್ಸ್ ಕನ್‌ಕರೆಂಟ್ಲಿ ತಾನಾಗಿಯೇ ನಡೆಯುವಂತೆ ಮಾಡಿದೆ. ಇದು ಟೇಬಲ್‌ಗೆ ಬರೆಯುವವರನ್ನು ತಡೆಯುವ ಬೀಗ ಹಾಕದೆ, ಬೇರೆಯವರು ಬರೆಯುತ್ತಿರುವಾಗಲೇ ಇಂಡೆಕ್ಸನ್ನು ಹೊಸದಾಗಿ ಕಟ್ಟುವ ಸೌಲಭ್ಯ. ದಿನದ ಕಡಿತಗಳನ್ನು ಲಾಟುಗಳಿಗೆ ಬರೆಯುವ ಕೆಲಸ 9.30ಕ್ಕೆ ಶುರುವಾಗಿ ಅರ್ಧ ಗಂಟೆ ನಡೆಯುತ್ತಿತ್ತು. ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. ಬೀಳಬಾರದೆಂದೇನೂ ಇರಲಿಲ್ಲ, ಆ ಸೌಲಭ್ಯ ಇರುವುದೇ ಅದಕ್ಕಾಗಿ.

2023ರ ಜನವರಿಯಲ್ಲಿ ಹೊಸನಗರದ ಕಡೆಯ ಹಿರಿಯರೊಬ್ಬರು ಕೌಂಟರ್‌ಗೆ ಬಂದರು. ನಾನು ಅಂದು ಬೇರೇನೋ ಕೆಲಸಕ್ಕೆ ಅಲ್ಲಿಯೇ ಇದ್ದೆ. ಅವರು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ಮೂರು ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟರು. ಮೂರನೆಯದರ ಮಡಿಕೆಯಲ್ಲಿ ಶಾಯಿ ಅಳಿಸಿತ್ತು, ಆದರೆ ಲಾಟ್ ನಂಬರ್ ಓದಲು ಬರುತ್ತಿತ್ತು. "ತಮ್ಮಾ, ಮೂರು ಲಾಟ್ ರಾಶಿ ಹಾಕಿದ್ದೆ. ದುಡ್ಡು ಎರಡಕ್ಕೇ ಬಂದಿದೆ. ಅಡಿಕೆ ಕೊನೆ ತೆಗೆದವರಿಗೆ ನಾನು ಕೊಡಬೇಕು" ಎಂದರು. ಕೌಂಟರ್‌ನಲ್ಲಿದ್ದ ಹುಡುಗಿ ಅವರ ಸದಸ್ಯ ಸಂಖ್ಯೆ ಹಾಕಿದಳು. ಪರದೆಯಲ್ಲಿ ಎರಡೇ ಲಾಟುಗಳು.

ಆ ಹುಡುಗಿ ಅದಕ್ಕೂ ಮೊದಲು ಎರಡು ಬಾರಿ ನನಗೆ ಫೋನ್ ಮಾಡಿ, "ಸರ್, ನಿನ್ನೆ ಹಾಕಿದ ಲಾಟ್ ಇವತ್ತು ಕಾಣಿಸ್ತಿಲ್ಲ" ಎಂದಿದ್ದಳು. ಮುಂದಿನ ವಾರ ನಾನು ನೋಡುವಷ್ಟರಲ್ಲಿ ಅದು ಕಾಣಿಸುತ್ತಿತ್ತು. ನೀನೇ ಸಂಖ್ಯೆ ತಪ್ಪು ಹೊಡೆದಿರಬೇಕು ಎಂದು ಅವಳಿಗೆ ಹೇಳಿದ್ದೆ, ಕಾರ್ಯದರ್ಶಿಗಳಿಗೂ ಹಾಗೆಯೇ ವರದಿ ಮಾಡಿದ್ದೆ. ಪ್ರತಿ ಶನಿವಾರ ಇಂಡೆಕ್ಸ್ ಪೂರ್ತಿ ಹೊಸದಾಗುತ್ತಿದ್ದುದರಿಂದ ಹಿಂದಿನ ವಾರ ಕಾಣೆಯಾದ ಸಾಲುಗಳು ಮರಳಿ ಬರುತ್ತಿದ್ದವು, ಆ ರಾತ್ರಿ ಕಡಿತ ಬರೆಯುತ್ತಿದ್ದ ಸಾಲುಗಳ ಪೈಕಿ ಬೇರೆ ಕೆಲವು ಮರೆಯಾಗುತ್ತಿದ್ದವು. ತಪ್ಪು ತನ್ನ ಗುರುತನ್ನು ತಾನೇ ಅಳಿಸಿಕೊಂಡು ಹೋಗುತ್ತಿತ್ತು.

ಆ ದಿನ ದಾರಿ ತೋರಿಸಿದ್ದು ಒಂದು ವ್ಯತ್ಯಾಸ. ದಿನದ ಒಟ್ಟು ತೂಕದ ವರದಿ ಗೋದಾಮಿನ ಪುಸ್ತಕಕ್ಕೆ ಕಿಲೋ ತಪ್ಪದೆ ತಾಳೆಯಾಗುತ್ತಿತ್ತು, ಸದಸ್ಯವಾರು ಮೊತ್ತಗಳನ್ನು ಕೂಡಿಸಿದರೆ ಮಾತ್ರ ಕಡಿಮೆ ಬರುತ್ತಿತ್ತು. ಮೊದಲನೆಯ ವರದಿ ಇಡೀ ಟೇಬಲ್ ಓದುತ್ತದೆ, ಎರಡನೆಯದು ಸದಸ್ಯ ಸಂಖ್ಯೆಯ ಇಂಡೆಕ್ಸ್ ಮೂಲಕ ಹೋಗುತ್ತದೆ. ಇಂಡೆಕ್ಸ್ ಬಳಸುವ ದಾರಿಗಳನ್ನೆಲ್ಲ ಆ ಒಂದು ಸೆಷನ್ (ಡೇಟಾಬೇಸ್ ಸಂಪರ್ಕ) ಮಟ್ಟಿಗೆ ಮುಚ್ಚಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಹಿರಿಯರ ಮೂರನೆಯ ಲಾಟ್ ಪರದೆಯ ಮೇಲೆ ಬಂದು ನಿಂತಿತು. ಸಾಲು ಎಲ್ಲಿಯೂ ಹೋಗಿರಲಿಲ್ಲ, ಅದರ ಕಡೆಗೆ ಕೈತೋರುವ ಇಂಡೆಕ್ಸ್ ನಮೂದು ಮಾತ್ರ ಇರಲಿಲ್ಲ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಹಗುರವಾಗಿ ಕಂಡಿರುವ ವೇಗ ಸುಧಾರಣೆ ಎಂಬ ಮಾತಿನ ಒಳಗೆ ಏನಿರುತ್ತದೆಂಬುದು ಇದರಿಂದ ತಿಳಿಯುತ್ತದೆ. ಇಂಡೆಕ್ಸನ್ನು ಹೀಗೆ ಕಟ್ಟಲು ದೊಡ್ಡ ಟೇಬಲ್‌ಗಳಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಅಷ್ಟು ಹೊತ್ತೂ ಅದು ಒಂದು ಹಳೆಯ ಕ್ಷಣದ ನೋಟವನ್ನು ಹಿಡಿದುಕೊಂಡಿರುವುದರಿಂದ, ಬೇರೆ ಟೇಬಲ್‌ಗಳಲ್ಲಿ ಸತ್ತ ಸಾಲುಗಳನ್ನೂ ವ್ಯಾಕ್ಯೂಮ್ ತೆಗೆಯಲಾಗದೆ ಕಾಯಬೇಕಾಗುತ್ತಿತ್ತು. 14ನೇ ಆವೃತ್ತಿಯಲ್ಲಿ ಅಭಿವೃದ್ಧಿಕಾರರು ಇದನ್ನು ಸುಧಾರಿಸಲು, ಇಂಡೆಕ್ಸ್ ಕಟ್ಟುತ್ತಿರುವ ಟ್ರಾನ್ಸಾಕ್ಷನ್‌ಗಳನ್ನು (ಒಂದು ಗಂಟಾಗಿ ನಡೆಯುವ ಡೇಟಾಬೇಸ್ ಕೆಲಸಗಳನ್ನು) ವ್ಯಾಕ್ಯೂಮ್ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ನಡೆಯುತ್ತದೆ ಎಂಬ ನಿಯಮ ತಂದರು. ಆಲೋಚನೆ ಒಳ್ಳೆಯದೇ ಆಗಿತ್ತು. ಆದರೆ ಇಂಡೆಕ್ಸ್ ಇಲ್ಲದ ಕಾಲಮ್ಮನ್ನು ಮಾತ್ರ ತಿದ್ದಿದಾಗ ಪೋಸ್ಟ್‌ಗ್ರೆಸ್ ಹೊಸ ಪ್ರತಿಯನ್ನು, ಜಾಗವಿದ್ದರೆ, ಅದೇ 8 ಕೆಬಿ ಪುಟದಲ್ಲಿ, ಹಳೆಯದಕ್ಕೆ ಸರಪಳಿಯಂತೆ ಜೋಡಿಸಿ ಇಡುತ್ತದೆ, ಮತ್ತು ಆ ಪುಟವನ್ನು ಮುಂದೆ ಓದುವವರೇ ಹಳೆಯ ಪ್ರತಿಯನ್ನು ಕತ್ತರಿಸಿ ಜಾಗ ಮಾಡಿಕೊಳ್ಳಬಹುದು. ಹೊಸ ನಿಯಮದಿಂದಾಗಿ, ಇಂಡೆಕ್ಸ್ ಕಟ್ಟುವವನು ಇನ್ನೂ ನೋಡಬೇಕಾಗಿದ್ದ ಪ್ರತಿಯೂ ಹೀಗೆ ಕತ್ತರಿಸಿ ಹೋಗಲು ಸಾಧ್ಯವಾಯಿತು. ಗೋದಾಮಿನಲ್ಲಿ ಒಬ್ಬರು ಚೀಲಗಳ ಪಟ್ಟಿ ಬರೆಯುತ್ತ ಬರುತ್ತಿರುವಾಗ, ಅವರು ತಲುಪುವ ಮೊದಲೇ ಇನ್ನೊಬ್ಬರು ಹಳೆಯ ಚೀಟಿ ಕಿತ್ತು, ಪಟ್ಟಿ ಬರೆಯುವವರಿಗೆ ಓದಲು ಅನುಮತಿಯಿಲ್ಲದ ಹೊಸ ಚೀಟಿ ಅಂಟಿಸಿದಂತೆ. ಚೀಲ ಅಲ್ಲಿಯೇ ಇರುತ್ತದೆ, ಪಟ್ಟಿಯಲ್ಲಿ ಮಾತ್ರ ಸೇರುವುದಿಲ್ಲ. ನನ್ನ 9.30ರ ಕೆಲಸ ತಿದ್ದುತ್ತಿದ್ದುದು ಇಂಡೆಕ್ಸ್ ಇಲ್ಲದ ಕಡಿತದ ಕಾಲಮ್ಮುಗಳನ್ನೇ.

14.4ರಲ್ಲಿ ಅಭಿವೃದ್ಧಿಕಾರರು ಆ ಸುಧಾರಣೆಗೆ ತೇಪೆ ಹಚ್ಚಲು ಹೋಗದೆ ಅದನ್ನೇ ಹಿಂತೆಗೆದುಕೊಂಡರು. ವೇಗ ಮತ್ತು ಸರಿತನ ಎದುರು ಬದುರಾದಾಗ ವೇಗವನ್ನು ಬಿಟ್ಟ ಈ ನಿರ್ಧಾರಕ್ಕಾಗಿ ಅವರ ಬಗ್ಗೆ ನನಗೆ ಗೌರವ ಹೆಚ್ಚಿದೆ. ನಾನು 2023ರ ಜನವರಿಯಲ್ಲಿ ಆ ಟಿಪ್ಪಣಿಯನ್ನು ಮೊದಲ ಬಾರಿಗೆ ಓದುವಾಗ 14.4, 14.5, 14.6 ಮೂರೂ ಬಂದಾಗಿತ್ತು.

ನಮ್ಮಲ್ಲಿ ಒಟ್ಟು 37 ಲಾಟುಗಳ ಪಾವತಿ ತಪ್ಪಿತ್ತು. ಹಣ ಸಂಘದ ಖಾತೆಯಲ್ಲೇ ಇದ್ದುದರಿಂದ ಎಲ್ಲರಿಗೂ ತಲುಪಿತು, ತಡವಾಗಿ. ಕಾಗದದ ಪುಸ್ತಕಗಳನ್ನು ಇಟ್ಟುಕೊಂಡು ಆರು ದಿನ ಒಂದೊಂದೇ ಲಾಟ್ ತಾಳೆ ನೋಡಿದೆವು. ಎದುರಿಗೆ ಕುಳಿತು ನಂಬರ್ ಓದಿ ಹೇಳುತ್ತಿದ್ದವಳು ಅದೇ ಹುಡುಗಿ. ಅವಳ ಬಳಿಯೂ ಕಾರ್ಯದರ್ಶಿಗಳ ಬಳಿಯೂ ನಾನು ತಪ್ಪು ಒಪ್ಪಿಕೊಂಡೆ. ಮುಂದಿನ ವರ್ಷದ ಕರಾರು ನನಗೆ ಸಿಗಲಿಲ್ಲ, ಅದರಲ್ಲಿ ಅನ್ಯಾಯವೇನೂ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುನಾದಿಯನ್ನೇ ನಾನು ಒಪ್ಪುವುದಿಲ್ಲ. ಮುಟ್ಟದೇ ಇರುವುದು ಸುರಕ್ಷಿತ, ಮುಟ್ಟುವುದು ಅಪಾಯ ಎಂದು ನೀವು ಭಾವಿಸಿದ್ದೀರಿ. ನೀವು ಮುಟ್ಟದೇ ಇಟ್ಟಿರುವುದು ತಿಳಿದ ದೋಷಗಳ ಒಂದು ಪಟ್ಟಿಯನ್ನು. 14.3ರಿಂದ 14.4ಕ್ಕೆ ಹೋಗಲು ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬಬೇಕಾಗಿಲ್ಲ. ನಿಲ್ಲಿಸಿ, ಹೊಸ ಪ್ಯಾಕೇಜ್ ಹಾಕಿ, ಮತ್ತೆ ಆರಂಭಿಸಿದರಾಯಿತು. ಆ ಎರಡು ನಿಮಿಷಕ್ಕೆ ಸಂಘದವರು ಒಪ್ಪುವುದಿಲ್ಲವೆಂದರೆ ಭಾನುವಾರ ಮಾಡಿ. 14ರಿಂದ 16 ಅಥವಾ 17ಕ್ಕೆ ಹೋಗುವುದು ಬೇರೆಯದೇ ಕೆಲಸ, ಅದಕ್ಕೆ ತಯಾರಿ ಬೇಕು. ಈ ಎರಡನ್ನೂ ಅಪ್‌ಡೇಟ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಬಹಳಷ್ಟು ಜನ ಹೆದರುತ್ತಾರೆ.

ಬೇರೆ ಡೇಟಾಬೇಸ್‌ಗೆ ಹೋಗುವ ವಿಚಾರವನ್ನು ಈಗ ಬಿಟ್ಟುಬಿಡಿ. ನಮ್ಮಲ್ಲಿ ನಿಧಾನಕ್ಕೆ ಕಾರಣ ಪೋಸ್ಟ್‌ಗ್ರೆಸ್ ಆಗಿರಲೇ ಇಲ್ಲ. ಲಾಟ್ ನಮೂದಿಸುವ ಪರದೆ ತೆರೆದ ಕ್ಷಣವೇ ಟ್ರಾನ್ಸಾಕ್ಷನ್ ಶುರುವಾಗುವಂತೆ ನಾನು ಬರೆದಿದ್ದೆ. ಪರದೆ ತೆರೆದಿಟ್ಟು ಊಟಕ್ಕೆ ಹೋದರೆ ಅದು ಗಂಟೆಗಟ್ಟಲೆ ತೆರೆದೇ ಇರುತ್ತಿತ್ತು, ಅಲ್ಲಿಯವರೆಗೆ ಹುಟ್ಟಿದ ಸತ್ತ ಸಾಲುಗಳಲ್ಲಿ ಒಂದನ್ನೂ ವ್ಯಾಕ್ಯೂಮ್ ತೆಗೆಯುವಂತಿರಲಿಲ್ಲ. ಯಾವ ಸಂಪರ್ಕ ಏನು ಮಾಡುತ್ತಿದೆಯೆಂದು ತೋರಿಸುವ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಟದಲ್ಲಿ ಸ್ಥಿತಿ "ಐಡಲ್ ಇನ್ ಟ್ರಾನ್ಸಾಕ್ಷನ್" ಎಂದಿರುವ ಸಾಲುಗಳನ್ನು ಹುಡುಕಿ, ಎಷ್ಟು ಹೊತ್ತಿನಿಂದ ಹಾಗಿವೆ ಎಂದು ನೋಡಿ. ಅಂಥ ಸೆಷನ್ ಅನ್ನು ಗೊತ್ತಾದ ಅವಧಿಯ ನಂತರ ತಾನಾಗಿಯೇ ಮುಚ್ಚಿಸುವ ಸೆಟ್ಟಿಂಗ್ 9.6ನೇ ಆವೃತ್ತಿಯಿಂದಲೂ ಇದೆ. ಇನ್ನೊಂದು, ವ್ಯಾಕ್ಯೂಮನ್ನು ತಾನಾಗಿಯೇ ನಡೆಸುವ ಆಟೋವ್ಯಾಕ್ಯೂಮ್ ಮೂಲತಃ ಟೇಬಲ್‌ನ ಶೇ 20ರಷ್ಟು ಸಾಲುಗಳು ಮತ್ತು ಮೇಲೆ 50 ಸಾಲುಗಳು ಸಾಯುವವರೆಗೆ ಏಳುವುದಿಲ್ಲ. ಹತ್ತು ಲಕ್ಷ ಸಾಲುಗಳಿದ್ದರೆ ಎರಡು ಲಕ್ಷ ಸಾಯುವವರೆಗೆ ಎಂದಾಯಿತು. ಲಾಟುಗಳ ಟೇಬಲ್ ಒಂದಕ್ಕೆ ಮಾತ್ರ ಅದನ್ನು ಶೇ 2ಕ್ಕೆ ಇಳಿಸಬಹುದು. ಇವೆರಡನ್ನು ಸರಿಪಡಿಸಿದ ಮೇಲೆ ನಮಗೆ ಶನಿವಾರದ ರೀಇಂಡೆಕ್ಸ್ ಬೇಕಾಗಲೇ ಇಲ್ಲ.

ವೇಗಕ್ಕಾಗಿ ಎಫ್‌ಸಿಂಕ್ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬರೆದದ್ದು ಡಿಸ್ಕ್‌ಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಹಂತ ಅದು, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ನಮ್ಮ ಸೀಮೆಗೆ ಅದಿಲ್ಲದೆ ಆಗುವುದೇ ಇಲ್ಲ. ಆ ಹಂತ ವಿಫಲವಾದಾಗ ಸುಮ್ಮನೆ ಮತ್ತೆ ಪ್ರಯತ್ನಿಸುವುದೇ ತಪ್ಪು ಎಂದು 2018ರಲ್ಲಿ ಅಭಿವೃದ್ಧಿಕಾರರು ಕಂಡುಕೊಂಡು, 2019ರ ಫೆಬ್ರವರಿಯ ಬಿಡುಗಡೆಗಳಿಂದ ಸರ್ವರನ್ನೇ ನಿಲ್ಲಿಸಿ, ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್‌ನಿಂದ ಚೇತರಿಸಿಕೊಳ್ಳುವಂತೆ ಬದಲಾಯಿಸಿದ್ದಾರೆ. ಅವರು ಅಷ್ಟು ಎಚ್ಚರ ವಹಿಸುವ ಜಾಗವನ್ನು ನಾವು ಕೈಯಾರೆ ಮುಚ್ಚಬಾರದು.

ಇಂದು ರಾತ್ರಿ ಕೌಂಟರ್ ಮುಚ್ಚಿದ ಮೇಲೆ ಸರ್ವರ್ ಆವೃತ್ತಿ ನೋಡಿ. 14.0ರಿಂದ 14.3ರ ಒಳಗಿದ್ದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ನಂತರ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಆದ ಮಾತ್ರಕ್ಕೆ ಈಗಾಗಲೇ ಕೆಟ್ಟಿರುವ ಇಂಡೆಕ್ಸ್‌ಗಳು ಸರಿಯಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ತಪಾಸಣಾ ಸಾಧನವಾದ ಪಿಜಿ_ಆಮ್‌ಚೆಕ್ ಅನ್ನು ಹೀಪ್‌ಆಲ್‌ಇಂಡೆಕ್ಸ್ಡ್ ಆಯ್ಕೆಯೊಂದಿಗೆ ಓಡಿಸಿದರೆ, ಟೇಬಲ್‌ನಲ್ಲಿದ್ದು ಇಂಡೆಕ್ಸ್‌ನಲ್ಲಿಲ್ಲದ ಸಾಲುಗಳ ಸುಳಿವು ಸಿಗುತ್ತದೆ. ಸುಳಿವು ಸಿಕ್ಕರೆ ತಕ್ಷಣ ರೀಇಂಡೆಕ್ಸ್ ಮಾಡಬೇಡಿ. ಮೊದಲು ಇಂಡೆಕ್ಸ್ ಮೂಲಕ ಒಮ್ಮೆ, ಇಡೀ ಟೇಬಲ್ ಓದಿಸಿ ಒಮ್ಮೆ ಸದಸ್ಯವಾರು ಮೊತ್ತ ತೆಗೆದು, ವ್ಯತ್ಯಾಸ ಬರುವ ಲಾಟುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲದಿದ್ದರೆ ಯಾರಿಗೆ ಹಣ ತಪ್ಪಿತ್ತೆಂಬ ಗುರುತೇ ಅಳಿಸಿಹೋಗುತ್ತದೆ. ಯೂನಿಕ್ ಇಂಡೆಕ್ಸ್ ಕೆಟ್ಟಿದ್ದರೆ ಒಂದೇ ಸಂಖ್ಯೆ ಎರಡು ಬಾರಿ ಒಳಬಂದಿರಬಹುದು, ಆಗ ರೀಇಂಡೆಕ್ಸ್ ತಪ್ಪು ತೋರಿಸಿ ನಿಲ್ಲುತ್ತದೆ. ಆ ಜೋಡಿ ಸಾಲುಗಳಲ್ಲಿ ಯಾವುದು ನಿಜವೆಂದು ತೂಕದ ಪುಸ್ತಕ ನೋಡಿಯೇ ತೀರ್ಮಾನಿಸಬೇಕು. ಕೌಂಟರ್‌ನಲ್ಲಿ ಕೂರುವವರು ಈ ಸುಗ್ಗಿಯಲ್ಲಿ ಲಾಟ್ ಕಾಣಿಸುತ್ತಿಲ್ಲ ಎಂದು ಯಾವತ್ತಾದರೂ ಹೇಳಿದ್ದರೇ ಎಂದು ನಾಳೆ ಬೆಳಿಗ್ಗೆ ಅವರನ್ನೇ ಕೇಳಿ. ಹೇಳಿದ್ದರೆ ಆ ತಾರೀಖುಗಳನ್ನು ಬರೆದುಕೊಂಡು ಇಲ್ಲಿ ಹಾಕಿ, ಕೂತು ನೋಡುತ್ತೇನೆ.