ಓದುಗರ ಪ್ರಶ್ನೆ: ಕೃತಜ್ಞತೆಯ ಡೈರಿ ಸಪ್ಪೆಯಾದಾಗ

ಪ್ರಶ್ನೆ: ನಾನು ಮಸಾಜ್ ಮತ್ತು ಉಸಿರಾಟದ ಅಭ್ಯಾಸಗಳ ಚಿಕಿತ್ಸಕಿ. ದಿನಾ ರಾತ್ರಿ ಕೃತಜ್ಞತೆಯ ಡೈರಿ ಬರೆಯುತ್ತೇನೆ. ಆರೋಗ್ಯ, ಮನೆಯವರು, ನನ್ನ ಬೆಕ್ಕು: ಯಾವಾಗಲೂ ಇವೇ ಮೂರು. ಈಗ ಪುಸ್ತಕ ತೆರೆಯಲೂ ಬೇಸರ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ದಿನಾ ಅದನ್ನೇ ಬರೆದರೆ ಮನಸ್ಸು ಅದಕ್ಕೆ ಒಗ್ಗಿಹೋಗುತ್ತದೆ. 2003ರಲ್ಲಿ ಮನೋವಿಜ್ಞಾನಿಗಳಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಗುಂಪಿನವರು ವಾರಕ್ಕೊಮ್ಮೆ, ಹತ್ತು ವಾರ, ಹೆಚ್ಚೆಂದರೆ ಐದು ಸಂಗತಿ ಬರೆದಿದ್ದರು. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಅವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ನೀವೂ ವಾರಕ್ಕೆ ಒಂದೆರಡು ದಿನ ಬರೆಯಿರಿ, ಸಾಕು.

ಬರೆಯುವಾಗ 'ಆರೋಗ್ಯ' ಎಂಬಂಥ ದೊಡ್ಡ ಪದ ಬಿಡಿ. ಒಂದೇ ಘಟನೆ ತೆಗೆದುಕೊಳ್ಳಿ: ಏನಾಯಿತು, ಯಾರಿಂದ ಆಯಿತು, ಅದರಿಂದ ನಿಮಗೆ ಏನು ಹಗುರಾಯಿತು. 'ಭುಜ ಎತ್ತಿದಾಗ ನೋವಾದದ್ದನ್ನು ಚಿಕಿತ್ಸೆಗೆ ಬಂದವರು ತಕ್ಷಣ ಹೇಳಿದರು, ಒತ್ತಡ ಕಡಿಮೆ ಮಾಡಲು ನನಗೆ ತಿಳಿಯಿತು' ಎನ್ನುವಷ್ಟು ಸ್ಪಷ್ಟವಾಗಿರಲಿ. ಬಂದವರ ಹೆಸರು ಮಾತ್ರ ಬೇಡ, ಅದು ಅವರ ಖಾಸಗಿ ವಿಷಯ. ರಾತ್ರಿಯವರೆಗೆ ಮರೆತುಹೋಗುವುದಾದರೆ, ಒಬ್ಬರು ಹೋಗಿ ಇನ್ನೊಬ್ಬರು ಬರುವ ಮುನ್ನ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯುತ್ತೀರಲ್ಲ, ಆಗಲೇ ಒಂದನ್ನು ನೆನೆದುಕೊಳ್ಳಿ.

ಚಿಕಿತ್ಸಕರು ಎಡವುವುದು ಇನ್ನೊಂದು ಕಡೆ: ಬಂದವರು ಗುಣವಾದರೆ ಮಾತ್ರ ಕೃತಜ್ಞತೆ ಎಂದುಕೊಳ್ಳುತ್ತಾರೆ. ಗುಣವಾಗುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಯಾರೂ ಚೇತರಿಸದ ವಾರದಲ್ಲಿ ಪುಟ ಖಾಲಿ ಉಳಿಯುತ್ತದೆ, ಅದರ ಹಿಂದೆಯೇ ಅಪರಾಧಿ ಭಾವ ಬರುತ್ತದೆ. ಅವರು ಹೇಳಿದ ಸಮಯಕ್ಕೆ ಬಂದದ್ದು, ಸಹೋದ್ಯೋಗಿ ಹಾಸಿಗೆಯ ಬಟ್ಟೆ ಬದಲಿಸಿಟ್ಟದ್ದು, ಇವೂ ಲೆಕ್ಕಕ್ಕೆ ಬರಲಿ. ಆ ಸಹೋದ್ಯೋಗಿಗೆ ಬಾಯಿಬಿಟ್ಟು ಹೇಳಿದರಂತೂ ಡೈರಿಗಿಂತ ಮೇಲು.

ಪ್ರಶ್ನೆ: ಕೆಲಸ ಮುಗಿಸಿ ಬಂದವಳೇ ಬೆಕ್ಕನ್ನು ಎತ್ತಿ ಮುದ್ದಾಡುತ್ತೇನೆ. ಅದು ಕೊಸರಿಕೊಂಡು ಓಡುತ್ತದೆ. ನನ್ನ ಪ್ರೀತಿ ಅದಕ್ಕೆ ಬೇಡವೇ?

ಉತ್ತರ: ಪ್ರೀತಿ ಬೇಕು, ಆ ವಾಸನೆ ಮತ್ತು ಆ ಅವಸರ ಬೇಡ. ಸುಗಂಧ ತೈಲ ಬಳಸುವವರಾದರೆ ಮೊದಲು ಮೊಣಕೈವರೆಗೆ ಸೋಪಿನಿಂದ ತೊಳೆದು ಬಟ್ಟೆ ಬದಲಿಸಿ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಇಂಥ ಎಣ್ಣೆಗಳ ಕೆಲವು ಅಂಶಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ. ನಿಮ್ಮ ಕೈಯಿಂದ ಮೈಗೆ ಹತ್ತಿದ್ದನ್ನು ಅದು ನೆಕ್ಕಿ ನುಂಗುತ್ತದೆ.

ಆಮೇಲೆ ನೆಲದ ಮೇಲೆ ಕುಳಿತು ಬೆರಳನ್ನು ತಗ್ಗಿಸಿ ಚಾಚಿ, ಅದಾಗಿಯೇ ಬಂದು ಮೂಸಲಿ. ಕೆನ್ನೆ, ಗಲ್ಲದ ಕೆಳಗೆ ಮೂರರಿಂದ ಐದು ಸೆಕೆಂಡು ಸವರಿ ನಿಲ್ಲಿಸಿ. ತಲೆ ಒತ್ತಿದರೆ ಮುಂದುವರಿಸಿ. ಬಾಲ ಬೀಸಿದರೆ, ಕಿವಿ ಹಿಂದಕ್ಕೆ ಹೋದರೆ, ಬೆನ್ನಿನ ಚರ್ಮ ಅದುರಿದರೆ ಕೈ ತೆಗೆಯಿರಿ. ಹೊಟ್ಟೆ ತೋರಿಸಿ ಮಲಗಿತೆಂದು ಹೊಟ್ಟೆ ಸವರಬೇಡಿ, ಹೆಚ್ಚಿನ ಬೆಕ್ಕುಗಳಿಗೆ ಅದು ಹಿಡಿಸದು.

ಮುಟ್ಟದೆಯೂ ಜೊತೆಗಿರಬಹುದು. ಅದು ಗಾಢ ನಿದ್ರೆಯಲ್ಲಿದ್ದಾಗ ಪಕ್ಕದಲ್ಲಿ ಕುಳಿತು ಎದೆ ಏರಿಳಿಯುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮ್ಮ ಉಸಿರೂ ನಿಧಾನವಾಗುತ್ತದೆ, ಬೆಕ್ಕಿನ ಆರೋಗ್ಯವೂ ತಿಳಿಯುತ್ತದೆ. ನಿದ್ರೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಮತ್ತೆ ಮತ್ತೆ ಎಣಿಸಿದಾಗಲೂ ಹೆಚ್ಚಿದ್ದರೆ ಪಶುವೈದ್ಯರಿಗೆ ತೋರಿಸಿ. ಗುರುಗುಟ್ಟುತ್ತಿದೆ ಎಂದು ನಿಶ್ಚಿಂತೆ ಬೇಡ, ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ.

ಪ್ರಶ್ನೆ: ಸಾಕಿದ ನಾಯಿ ತೀರಿಕೊಂಡಿತು. 'ಇಷ್ಟು ದಿನ ಜೊತೆಗಿತ್ತಲ್ಲ, ಅದಕ್ಕೆ ಕೃತಜ್ಞನಾಗಿರು' ಎನ್ನುತ್ತಾರೆ. ನನಗೆ ಅಳು ಬರುತ್ತದೆ.

ಉತ್ತರ: ಅತ್ತುಬಿಡಿ. ದುಃಖವನ್ನು ಮುಚ್ಚಲು ಕೃತಜ್ಞತೆಯನ್ನು ಎಳೆದು ತರಬೇಡಿ. ನೆನಪು ತಾನಾಗಿ ಬಂದ ದಿನ ಎರಡು ಸಾಲು ಬರೆದರಾಯಿತು. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಯಾವುದೂ ಹಳಿಗೆ ಬರದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿ.