ರಾಜೀನಾಮೆ ಆಮೇಲೆ, ಮೊದಲು ಡಾಕ್ಟರು

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಸವಿತಾ ಅನ್ನೋಣ. ಬೆಂಗಳೂರಿನ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಎರಡು ಇಸಿಜಿ ರಿಪೋರ್ಟ್ ಇದ್ದವು. ಎರಡೂ ನಾರ್ಮಲ್.

“ಹಾರ್ಟಲ್ಲಿ ಏನೂ ಇಲ್ಲ, ಗ್ಯಾಸ್ ಅಂತಾರೆ ಮೇಡಂ. ಆದ್ರೆ ಫ್ಯಾಕ್ಟರಿ ಗೇಟ್ ಕಂಡ ತಕ್ಷಣ ಎದೆ ಡವಡವ ಅನ್ನುತ್ತೆ, ಉಸಿರು ಕಟ್ಟುತ್ತೆ. ಕೆಲಸ ಬಿಟ್ಬಿಡ್ತೀನಿ. ಬಿಡೋಕೆ ಧೈರ್ಯ ಕೊಡಿ, ಅಷ್ಟೇ ಸಾಕು.”

ಕೆಲಸ ಹೇಗಿರುತ್ತದೆ ಅಂತ ಕೇಳಿದೆ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸಿನ ಲೆಕ್ಕ ಬರೆಯುತ್ತಾರೆ. ಟಾರ್ಗೆಟ್ ತಪ್ಪಿದರೆ ಇಡೀ ಲೈನಿನ ಮುಂದೆ ಸೂಪರ್‌ವೈಸರ್ ಬೈಗುಳ. ಬಾತ್‌ರೂಮಿಗೆ ಎದ್ದರೆ ಪೀಸ್ ಗುಡ್ಡೆ ಬೀಳುತ್ತದೆ ಅಂತ ಇವರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಭಾನುವಾರ ಸಂಜೆಯಾದರೆ ಸುಮ್ನೆ ಅಳು. ಇದು ತಿಂಗಳುಗಟ್ಟಲೆ ನಡೆದಿತ್ತು. ಅತ್ತೆ ದೃಷ್ಟಿ ಅಂದರು, ತಾಯತ ಕಟ್ಟಿಸಿದರು. ಪಕ್ಕದ ಮನೆಯವರು ತಮ್ಮ ನಿದ್ದೆ ಮಾತ್ರೆ ಕೊಟ್ಟರು. ಅದನ್ನು ನುಂಗುತ್ತಿದ್ದಾರೆ ಅಂತ ಕೇಳಿ ನನಗೆ ಗಾಬರಿಯಾಯಿತು.

ಈ ಹಂತದಲ್ಲಿ ಒಂದು ಪ್ರಶ್ನೆಯನ್ನು ನಾನು ಯಾವಾಗಲೂ ನೇರವಾಗಿ ಕೇಳುತ್ತೇನೆ: “ಸಾಯಬೇಕು ಅಂತ ಅನ್ನಿಸಿದ್ದುಂಟಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಸವಿತಾ ತಲೆ ತಗ್ಗಿಸಿದರು. “ಹಾಗೇನಿಲ್ಲ. ಮಲಗಿದವಳು ಏಳದೇ ಇದ್ರೆ ಸಾಕು ಅನ್ಸುತ್ತೆ.” ಅದಕ್ಕಾಗಿ ಏನೂ ಯೋಚಿಸಿಟ್ಟಿರಲಿಲ್ಲ. ಆದರೂ ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ ಅದು. ಅವರ ಒಪ್ಪಿಗೆ ಪಡೆದು ಅವತ್ತೇ ಗಂಡನಿಗೆ ಫೋನ್ ಮಾಡಿದೆವು. ಮನೆಯಲ್ಲಿರುವ ಮಾತ್ರೆಗಳು ಗಂಡನ ವಶದಲ್ಲಿರಲಿ ಅಂದೆ. ಟೆಲಿ-ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಸರ್ಕಾರದ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನು ರಾಜೀನಾಮೆಯ ವಿಷಯ. ಗಾರ್ಮೆಂಟ್ಸ್ ಹೆಂಗಸರು ಮೈ ಮನಸ್ಸು ಸೋತಾಗ ಮೊದಲು ಮಾಡುವುದೇ ಇದು: ಬಿಡುವುದು, ಪಿಎಫ್ ತೆಗೆಯುವುದು, ಸ್ವಲ್ಪ ದಿನ ಮನೆಯಲ್ಲಿದ್ದು ಇನ್ನೊಂದು ಫ್ಯಾಕ್ಟರಿಗೆ ಸೇರುವುದು. ಅಲ್ಲೂ ಅದೇ ಬೋರ್ಡ್, ಅದೇ ಟಾರ್ಗೆಟ್. ಸವಿತಾ ಅವರಿಗೆ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಬೇಕಾದ 5 ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಅದಕ್ಕಿಂತ ದೊಡ್ಡ ವಿಷಯ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ. ಸಂಬಳದ ಚೀಟಿ ತರಿಸಿ ತೋರಿಸಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಕೆಲಸಗಾರರಿಂದ ಶೇ 0.75, ಕಂಪನಿಯಿಂದ ಶೇ 3.25. ಸಂಬಳ 13,000 ಇದ್ದರೆ ಇವರ ಪಾಲು ಸುಮಾರು 98 ರೂಪಾಯಿ. “ಇದು ಹೆರಿಗೆಗೆ, ಕೈಗೆ ಸೂಜಿ ಚುಚ್ಚಿಕೊಂಡ್ರೆ ಅಂತ ತಿಳ್ಕೊಂಡಿದ್ದೆ” ಅಂದರು. ಮನಸ್ಸಿನ ಚಿಕಿತ್ಸೆಯೂ ಇದರಲ್ಲೇ ಬರುತ್ತದೆ. ಕೆಲಸ ಬಿಟ್ಟರೆ ಹಣ ಕಟ್ಟುವುದು ನಿಲ್ಲುತ್ತದೆ, ಸ್ವಲ್ಪ ಕಾಲದ ನಂತರ ಈ ಸೌಲಭ್ಯವೂ ಹೋಗುತ್ತದೆ. ಕಾಯಿಲೆ ಜಾಸ್ತಿಯಾದಾಗಲೇ ಕಾರ್ಡ್ ಕೈಬಿಡುವುದು ಯಾವ ಲೆಕ್ಕ?

ರಜೆಯ ಭಯ ಇನ್ನೊಂದು. ಇಎಸ್‌ಐ ಡಾಕ್ಟರು ವಿಶ್ರಾಂತಿ ಬೇಕು ಅಂತ ಸರ್ಟಿಫಿಕೇಟ್ ಕೊಟ್ಟರೆ ದಿನದ ಸರಾಸರಿ ಕೂಲಿಯ ಶೇ 70ರಷ್ಟು ಭತ್ಯೆ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಸಂಬಂಧಪಟ್ಟ 6 ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಈ ಭತ್ಯೆ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ಗಂಡನದ್ದು ಬೇರೆ ತಕರಾರು. “ಹುಚ್ಚಿನ ಡಾಕ್ಟರ್ ಹತ್ರ ಹೋದ್ರೆ ನಾಳೆ ಫ್ಯಾಕ್ಟರಿಯೆಲ್ಲ ಮಾತಾಡ್ಕೊಳ್ಳುತ್ತೆ ಮೇಡಂ.” 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ ಅಂತ ಹೇಳಿದೆ. ಕಂಪನಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಏನು ಬರೆಯುತ್ತೀರಿ ಅಂತ ಡಾಕ್ಟರನ್ನು ಮೊದಲೇ ಕೇಳಿ, ಕೇಳಿದರೆ ತಪ್ಪಿಲ್ಲ ಅಂದೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ: “ಶುಗರ್ ಇದ್ರೆ ಮಾತ್ರೆ ಕೊಡಿಸ್ತಿರಲಿಲ್ವಾ?” ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಆದರೆ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು.

ಆಪ್ತಸಲಹೆಗಾರ್ತಿಯಾದ ನಾನು ಮಾತ್ರೆ ಬರೆಯುವಂತಿಲ್ಲ. ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಹಾಳೆ. ನಮ್ಮ ಜನ ಒಪಿಡಿಯಲ್ಲಿ ಗಂಟೆಗಟ್ಟಲೆ ಕಾದು, ಡಾಕ್ಟರ ಮುಂದೆ ಕೂತ ಮೇಲೆ “ಸ್ವಲ್ಪ ಎದೆ ನೋವು, ಸುಸ್ತು ಸಾರ್” ಅಂದು ಎದ್ದು ಬರುತ್ತಾರೆ. ಗ್ಯಾಸಿನ ಮಾತ್ರೆ ಸಿಗದೆ ಇನ್ನೇನು ಸಿಗುತ್ತದೆ? ಹಾಗಾಗಿ ಸವಿತಾ ಹೇಳಿದ ಹಾಗೇ ಅವರ ಕೈಯಲ್ಲೇ ಬರೆಸಿದೆ:

“ನಿದ್ದೆ ಇಲ್ಲ. ಬೆಳಗಿನ ಜಾವ 3ಕ್ಕೆ ಎಚ್ಚರ. ಕೆಲಸದ ಜಾಗದಲ್ಲಿ ಎದೆ ಬಡಿತ, ಕೈ ನಡುಕ, ಈಗ ಸತ್ತೇ ಹೋಗ್ತೀನಿ ಅನ್ನುವ ಭಯ. ರಜೆ ದಿನ ಇದೆಲ್ಲ ಕಡಿಮೆ. ಯಾವುದರಲ್ಲೂ ಆಸೆ ಇಲ್ಲ. ಏಳದೇ ಇದ್ರೆ ಸಾಕು ಅನ್ಸುತ್ತೆ. ಇಸಿಜಿ ಎರಡು ಸಲ ನಾರ್ಮಲ್. ಬೇರೆಯವರ ನಿದ್ದೆ ಮಾತ್ರೆ ತಗೊಂಡಿದ್ದೀನಿ.”

ಕೊನೆಯ ಸಾಲನ್ನು ಬರೆಯಲು ಅವರಿಗೆ ಇಷ್ಟವಿರಲಿಲ್ಲ, ಬೈತಾರೆ ಅಂತ. ಅದು ಇರಲೇಬೇಕು ಅಂತ ಹಟ ಮಾಡಿದೆ. ಅಂಥ ಕೆಲವು ಮಾತ್ರೆಗಳು ಚಟ ಹತ್ತಿಸುತ್ತವೆ, ದಿಢೀರ್ ಅಂತ ನಿಲ್ಲಿಸಿದರೂ ತೊಂದರೆ. ಡಾಕ್ಟರಿಗೆ ಗೊತ್ತಿರಬೇಕು, ಅಲ್ವಾ?

ಡಿಸ್ಪೆನ್ಸರಿಯಲ್ಲಿ ಆ ಹಾಳೆ ನೋಡಿ ಇಎಸ್‌ಐ ಆಸ್ಪತ್ರೆಯ ಮನೋವೈದ್ಯರಿಗೆ ರೆಫರ್ ಮಾಡಿದರು. ಅವರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ರಕ್ತ ಕಡಿಮೆ ಇತ್ತು, ಅದಕ್ಕೂ ಮದ್ದು ಶುರುವಾಯಿತು. ಡಿಪ್ರೆಶನ್, ಜೊತೆಗೆ ಪ್ಯಾನಿಕ್ ಅಂದರು. ದಿನಕ್ಕೊಂದು ಮಾತ್ರೆ, ಎರಡು ವಾರದ ರಜೆ.

ಮೊದಲ ವಾರವೇ ಸವಿತಾ ಫೋನ್ ಮಾಡಿದರು. ವಾಕರಿಕೆ ಬರುತ್ತಿದೆ, ಗುಣ ಏನೂ ಕಾಣುತ್ತಿಲ್ಲ, ಬಿಡಲಾ? ಬಹಳ ಜನ ಬಿಡುವುದು ಇಲ್ಲೇ. ಈ ಮಾತ್ರೆಗಳ ಉಪದ್ರ ಮೊದಲು ಕಾಣುತ್ತದೆ, ಗುಣ ಕಾಣಲು 2ರಿಂದ 4 ವಾರ ಬೇಕು. ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ ಅಂದೆ. ಇದು ಚಟ ಹಿಡಿಸುವ ಮಾತ್ರೆಯಲ್ಲ. ಆದರೆ ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ನಿಧಾನಕ್ಕೆ ಇಳಿಸುತ್ತಾರೆ.

ನನ್ನ ಜೊತೆಗಿನ ಭೇಟಿಗಳಲ್ಲಿ ಉಸಿರಾಟದ ಅಭ್ಯಾಸ, ಪ್ಯಾನಿಕ್ ಬಂದಾಗ ಓಡದೆ ಅದು ಇಳಿಯುವವರೆಗೆ ಕೂರುವುದು, ಇವು ನಡೆದವು. ಬಾಟಲಿ ನೀರು ಮಷೀನ್ ಪಕ್ಕದಲ್ಲೇ ಇರಲಿ ಅಂತ ಒಂದು ಕರಾರನ್ನೂ ಮಾಡಿಕೊಂಡೆವು. ಎಚ್‌ಆರ್‌ಗೆ ಲೈನ್ ಬದಲಿಸಿ ಅಂತ ಅರ್ಜಿ ಕೊಟ್ಟರು, ಕಾಯಿಲೆಯ ಹೆಸರು ಬರೆಯದೆ. ಬೈಗುಳದ ವಿಚಾರವನ್ನು ಜೊತೆಯ ಹೆಂಗಸರು ಸೇರಿ ಬರೆದುಕೊಟ್ಟರು. ಒಬ್ಬಳಿಗೆ ಮಾತ್ರೆ ಕೊಟ್ಟರೆ ಫ್ಲೋರಿನ ಬೈಗುಳ ನಿಲ್ಲುವುದಿಲ್ಲವಲ್ಲ.

ಇಎಸ್‌ಐ ಇಲ್ಲದವರು ಏನು ಮಾಡಬೇಕು ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ ಹೋಗಿ.

ಸವಿತಾ ಈಗ ಬೇರೆ ಲೈನಿನಲ್ಲಿದ್ದಾರೆ. ನಿದ್ದೆ ಬರುತ್ತಿದೆ. ಗೇಟಿನ ಹತ್ತಿರ ಎದೆ ಬಡಿತ ಆಗೊಮ್ಮೆ ಈಗೊಮ್ಮೆ ಇದ್ದೇ ಇದೆ. ಕೆಲಸ ಬಿಡುವ ಯೋಚನೆಯನ್ನೂ ಪೂರ್ತಿ ಕೈಬಿಟ್ಟಿಲ್ಲ. 5 ವರ್ಷ ತುಂಬಲಿ, ಮಾತ್ರೆಯ ಕೋರ್ಸ್ ಮುಗಿಯಲಿ, ಆಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯುವ ಲೆಕ್ಕ ಹಾಕೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.