“ನಾನೇ ಒಪ್ಕೊಂಡಿದ್ದೀನಿ, ಇನ್ನೂ ಯಾರ ವಿರುದ್ಧ ಕೂಗ್ತಾಳೆ?”

ಆಪ್ತಸಲಹೆಗೆಂದು ತಂಗಿಯನ್ನು ನನ್ನ ಬಳಿ ಕರೆತಂದ ಅಣ್ಣ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದ ಪ್ರಶ್ನೆ ಇದು. 2023ರ ಕೊನೆಯ ಪ್ರಕರಣ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ತಂಗಿಯನ್ನು ಮೇಘಾ ಅನ್ನೋಣ, ಅಣ್ಣನನ್ನು ಸತೀಶ್.

ಮೇಘಾ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿಕೊಂಡ ಹೆಣ್ಣು. ವಯಸ್ಸು ಇಪ್ಪತ್ತೈದರ ಆಸುಪಾಸು. ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ. ಅಪ್ಪ ಮನೆಯಿಂದ ಹೊರಗೆ ಹಾಕಿದಾಗ ತನ್ನ ಬಾಡಿಗೆ ಮನೆಗೆ ಕರೆತಂದು ಇಟ್ಟುಕೊಂಡವನು ಸತೀಶನೇ. ಆಮೇಲೆ ಅವನಿಗೆ ಮದುವೆಯಾಯಿತು. ಹೆಂಡತಿಗೆ ವಿಷಯ ಗೊತ್ತು, ಹೆಂಡತಿಯ ತವರಿಗೆ ಗೊತ್ತಿಲ್ಲ. ಹೀಗಿರುವಾಗ ಒಂದು ಪ್ರತಿಭಟನೆಯಲ್ಲಿ ಮೇಘಾ ಘೋಷಣೆ ಕೂಗುತ್ತಿದ್ದ ವಿಡಿಯೋ ಚಿಕ್ಕಪ್ಪನ ಕೈಗೆ ಸಿಕ್ಕಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು ಬಿತ್ತು. ಕೆಳಗೆ ನಗುವ ಮುಖಗಳು, ಕೈ ಮುಗಿಯುವ ಚಿಹ್ನೆಗಳು. ಸತೀಶ್ ಫೋನ್ ತೆಗೆದು ನನಗೇ ತೋರಿಸಿದ. ಯಾರೂ ಒಂದು ಮಾತೂ ಬರೆದಿರಲಿಲ್ಲ. ಬೈದಿದ್ದರೂ ವಾಸಿಯಿತ್ತು ಅಂತ ಅವನಿಗೆ ಅನ್ನಿಸಿತ್ತಂತೆ.

“ಇವಳನ್ನ ಬದಲಾಯಿಸಿ ಅಂತ ಕೇಳೋಕೆ ಬಂದಿಲ್ಲ ಮೇಡಂ. ಮೆರವಣಿಗೆ, ಧರಣಿ ಬಿಡ್ಸಿ ಅಷ್ಟೇ.”

ಬದಲಾಯಿಸಿ ಅಂದಿದ್ದರೂ ನಾನು ಮಾಡುತ್ತಿರಲಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟು ಅಂಥ ‘ಚಿಕಿತ್ಸೆ’ಯನ್ನು ತಡೆಯಬೇಕೆಂದು ಹೇಳಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. ಧರಣಿ ಬಿಡಿಸುವುದೂ ನನ್ನ ಕೆಲಸ ಅಲ್ಲ ಅಂತ ಸತೀಶನಿಗೆ ಅಲ್ಲೇ ಹೇಳಿದೆ. ವಯಸ್ಸಿಗೆ ಬಂದ ಒಬ್ಬಳು ಎಲ್ಲಿಗೆ ಹೋಗಬೇಕು ಅನ್ನೋದನ್ನ ಅಣ್ಣನೂ ತೀರ್ಮಾನಿಸುವಂತಿಲ್ಲ, ಆಪ್ತಸಲಹೆಗಾರಳೂ ತೀರ್ಮಾನಿಸುವಂತಿಲ್ಲ. ಆದರೆ ಅವನ ಪ್ರಶ್ನೆ ಪೊಳ್ಳಲ್ಲ. ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಕೂಗಲು ಕಾರಣ ಇದೆಯಾ? ಕೂಗಿದರೆ ಏನಾದರೂ ಆಗುತ್ತಾ?

ಕಾರಣ ಇಲ್ಲ ಅನ್ನೋದು ಸತೀಶನ ಗಟ್ಟಿ ನಂಬಿಕೆ. “ಸುಪ್ರೀಂ ಕೋರ್ಟ್ 2014ರಲ್ಲೇ ಹಕ್ಕು ಕೊಟ್ಟಿದೆ. ಸಲಿಂಗ ಸಂಬಂಧ ಅಪರಾಧ ಅಂತಿದ್ದ 377ನೇ ಕಲಂ ಹೋಯ್ತು. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀನೂ ಬಂತು. ಇನ್ನೇನು ಬೇಕು?”

ಆಮೇಲೆ ಮೇಘಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಅವಳು ಧರಣಿಯ ವಿಷಯ ಎತ್ತಲೇ ಇಲ್ಲ. ಉರಿಮೂತ್ರದ ವಿಷಯ ಹೇಳಿದಳು. ಸಂಜೆ ಐದರ ನಂತರ ನೀರು ಕುಡಿಯಲ್ಲ. ಪಾಳಿ ಮುಗಿಯೋವರೆಗೂ ಇಲ್ಲ. ಮಹಿಳೆಯರ ಶೌಚಾಲಯಕ್ಕೆ ಹೋದಾಗ ಯಾರೋ ದೂರು ಕೊಟ್ಟರಂತೆ. ಸೆಕ್ಯೂರಿಟಿಯವರು ಕರೆದು, ನೆಲಮಾಳಿಗೆಯಲ್ಲಿ ಡ್ರೈವರ್‌ಗಳು ಬಳಸೋ ಶೌಚಾಲಯ ತೋರಿಸಿದರು. ಅಲ್ಲಿ ಒಮ್ಮೆ ಹೋಗಿ ಬಂದವಳು ಮತ್ತೆ ಹೋಗಿಲ್ಲ. ಏನಾಯಿತು ಅಂತ ಅವಳು ಹೇಳಲಿಲ್ಲ, ನಾನೂ ಅಂದು ಒತ್ತಾಯಿಸಲಿಲ್ಲ. ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಂಡಿರ್ತಾಳೆ, ಯಾರೂ ಕೇಳದಿರಲಿ ಅಂತ. ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತೆ.

ಬೇರೆ ಮನೆ ಮಾಡಲೂ ನೋಡಿದ್ದಳು. ಮುಂಗಡ ಕೊಟ್ಟು, ಬಾಡಿಗೆ ಒಪ್ಪಂದಕ್ಕೆ ಆಧಾರ್ ಕೊಟ್ಟ ದಿನವೇ ಮಾಲೀಕರು ಹಣ ವಾಪಸ್ ಕಳಿಸಿದರು. “ಮನೆಯಲ್ಲಿ ಮಕ್ಕಳಿದ್ದಾರೆ” ಅಷ್ಟೇ ಕಾರಣ.

ಇದ್ಯಾವುದೂ ಸತೀಶನಿಗೆ ಗೊತ್ತಿರಲಿಲ್ಲ. ಯಾಕೆ ಹೇಳಿಲ್ಲ ಅಂದರೆ, “ಅಣ್ಣ ಈಗಾಗ್ಲೇ ಜಾಸ್ತಿ ಮಾಡಿದ್ದಾನೆ.”

ಇನ್ನೊಂದು ಮಾತು ಬಹಳ ಹೊತ್ತಾದ ಮೇಲೆ ಬಂತು. ಧರಣಿಗೆ ಹೋಗಲು ಅವಳಿಗೂ ಈಗ ಮನಸ್ಸಿಲ್ಲ. ಹೋಗಿ ಬಂದರೆ ಎರಡು ದಿನ ಏಳೋಕಾಗಲ್ಲ. ಹೋಗದಿದ್ದರೆ ದ್ರೋಹ ಮಾಡಿದಂತೆ ಅನ್ನಿಸುತ್ತದೆ. ಗುಂಪಿನಲ್ಲಿ ಒಬ್ಬರು “ಮನೇಲಿ ಕೂತೋರಿಗೂ ಹಕ್ಕು ಬೇಕಂತೆ” ಅಂತ ಚುಚ್ಚಿದ್ದು ಮನಸ್ಸಿನಲ್ಲೇ ಉಳಿದಿತ್ತು. ಈಗ ಅದೇ ಗುಂಪು ಅವಳ ಆಫೀಸಿನ ಗೇಟಿನ ಮುಂದೆಯೇ ಕೂರೋಣ ಅನ್ನುತ್ತಿತ್ತು. ಅವಳು ಹೂಂ ಅಂದಿದ್ದಳು. ಅಣ್ಣ ತಂಗಿ ಜಗಳ ಆಡುತ್ತಿದ್ದದ್ದು ಧರಣಿ ಬೇಕು, ಬೇಡ ಅಂತ. ಇಬ್ಬರಿಗೂ ಬೇಡವಾಗಿತ್ತು. ಇಬ್ಬರ ಕಾರಣ ಮಾತ್ರ ಬೇರೆ ಬೇರೆ.

ಮೇಘಾಳ ಅನುಮತಿ ಪಡೆದು ನೀರಿನ ವಿಷಯವನ್ನು ಸತೀಶನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಎರಡನೇ ಪ್ರಶ್ನೆ. ಸರಿ, ಕಾರಣ ಇದೆ. ಬೀದಿಗೆ ಬಂದು ಏನು ಸಿಕ್ಕಿತು?

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ನಮ್ಮ ರಾಜ್ಯದ್ದೇ ಉತ್ತರ. 2008ರ ಅಕ್ಟೋಬರಿನಲ್ಲಿ ಬೆಂಗಳೂರು ಪೊಲೀಸರು ಐವರು ಹಿಜ್ಡಾಗಳನ್ನು ಹಿಡಿದರು. ನೆರವಿಗೆ ಹೋದ, ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆಯವರನ್ನೂ ಒಳಗೆ ಹಾಕಿದರು. ಇದನ್ನು ಹೇಳಿದರೆ ‘ಯಾವುದೋ ಕೆಟ್ಟ ಪೊಲೀಸರು’ ಅನ್ನಬಹುದು. ಆದರೆ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಮೇ ಸೇರಿತು. ಅಪರಾಧದ ಶಂಕೆ ಇದೆ ಅಂತ ಹಿಜ್ಡಾಗಳ ಹೆಸರು ವಿಳಾಸದ ಪಟ್ಟಿ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಇಂಥದ್ದೇ ಪಟ್ಟಿ ಇತ್ತು. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದ ಮೇಲೆ ನಾವೇ ಅದನ್ನು ಮತ್ತೆ ತಂದೆವು. ಸಮುದಾಯದವರು ಬೀದಿಯಲ್ಲಿ ವಿರೋಧಿಸಿದರು, ಹೈಕೋರ್ಟಿಗೂ ಹೋದರು. 2016ರಲ್ಲಿ ಸರ್ಕಾರ ತಿದ್ದುಪಡಿ ಮಾಡಿ ಅವರನ್ನು ಹೆಸರಿಸುವ ಪದ ತೆಗೆಯಿತು. ಕಲಂ ಪೂರ್ತಿ ಹೋಗಲಿಲ್ಲ. ಆದರೂ ಹುಟ್ಟಿನಿಂದಲೇ ಶಂಕಿತರು ಅನ್ನೋ ಮಾತು ಕಾಗದದಿಂದ ಹೋಯಿತು.

ಟ್ರಾನ್ಸ್ ಜನರ ಹಕ್ಕುಗಳ ಬಗ್ಗೆ ಕೇಂದ್ರ ಸರ್ಕಾರ ತಂದ ಕಾನೂನಿನ ಕಥೆಯೂ ಹೀಗೇ. 2016ರ ಮಸೂದೆಯಲ್ಲಿ ಒಬ್ಬರು ಟ್ರಾನ್ಸ್ ಹೌದೋ ಅಲ್ಲವೋ ಅಂತ ಪರೀಕ್ಷಿಸುವ ಜಿಲ್ಲಾ ಸಮಿತಿ ಇತ್ತು. ಭಿಕ್ಷೆಯನ್ನು ಅಪರಾಧದ ಸಾಲಿಗೆ ಸೇರಿಸುವ ಕಲಮೂ ಇತ್ತು. ದೇಶದ ಎಷ್ಟೋ ಊರುಗಳಲ್ಲಿ ಜನ ಬೀದಿಗಿಳಿದರು. 2019ರಲ್ಲಿ ಬಂದ ಮಸೂದೆಯಲ್ಲಿ ಇವೆರಡೂ ಇರಲಿಲ್ಲ. ಇಷ್ಟಕ್ಕೇ ಗೆದ್ದೆವು ಅನ್ನುವ ಹಾಗಿಲ್ಲ. ಉಳಿದ ಆಕ್ಷೇಪಗಳನ್ನು ಯಾರೂ ಕೇಳಲಿಲ್ಲ, ನವೆಂಬರ್ 26ರಂದು ರಾಜ್ಯಸಭೆಯಲ್ಲಿ ಅದು ಪಾಸಾಯಿತು. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಕನಿಷ್ಠ 10 ವರ್ಷ ಶಿಕ್ಷೆ. ಟ್ರಾನ್ಸ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಈ ಕಾಯ್ದೆಯಲ್ಲಿ ಹೆಚ್ಚೆಂದರೆ 2 ವರ್ಷ. ಈಗ ಹೇಳು ಸತೀಶ್, ಕೂಗಬಾರದಾ? ಇಷ್ಟು ನೇರವಾಗಿ ಕೇಳುವುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಹಿಡಿಸಲ್ಲ. ನಾನು ಕೇಳಿದೆ.

ಅವನು ಬಿಡಲಿಲ್ಲ. “ಅದೆಲ್ಲ ಕೋರ್ಟಿಂದ ಆಗಿದ್ದಲ್ವಾ?” ಒಳ್ಳೆಯ ಮಾತು. ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಜನರಿಗೆ 1% ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. ಅದಕ್ಕೆ ಕಾರಣ ಒಂದು ರಿಟ್ ಅರ್ಜಿ. ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಇವೆ ಅಂತ ಸಂಗಮದವರು ಹೈಕೋರ್ಟಿಗೆ ಹೋಗಿದ್ದರು. ಆದರೆ ಆ ಅರ್ಜಿ ಹಾಕಿದವರು ಯಾರು? ವರ್ಷಗಟ್ಟಲೆ ಬೀದಿಯಲ್ಲಿ ನಿಂತು, ಪೊಲೀಸ್ ಠಾಣೆ ಅಲೆದು, ಹೆಸರು ಮುಖ ಎಲ್ಲರಿಗೂ ಗೊತ್ತಾದವರು. ಬೀದಿ ಬೇರೆ, ಕೋರ್ಟ್ ಬೇರೆ ಅಂತ ಇಲ್ಲಿ ಬಿಡಿಸಿ ನೋಡೋಕಾಗಲ್ಲ.

ಅವನ ಮಾತಿನಲ್ಲಿ ನಾನು ಪೂರ್ತಿ ಒಪ್ಪುವುದು ಒಂದಿದೆ. ಪ್ರತಿಭಟನೆ ಸರ್ಕಾರವನ್ನು ಅಲ್ಲಾಡಿಸುತ್ತದೆ, ಚಿಕ್ಕಪ್ಪನನ್ನು ಅಲ್ಲಾಡಿಸಲ್ಲ. ಆ ವಿಡಿಯೋ ನೋಡಿ ಕುಟುಂಬದ ಗುಂಪಿನಲ್ಲಿ ಒಬ್ಬರ ಮನಸ್ಸೂ ಬದಲಾಗಿರಲಿಲ್ಲ. ಬದಲಾಗುತ್ತೆ ಅಂತ ಮೇಘಾಳ ಗೆಳೆಯರೂ ಅಂದುಕೊಂಡಿರಲಾರರು. ಘೋಷಣೆ ಚಿಕ್ಕಪ್ಪನಿಗಾಗಿ ಇದ್ದದ್ದಲ್ಲ, ವಿಧಾನಸೌಧಕ್ಕಾಗಿ.

ಚಿಕ್ಕಪ್ಪನಿಗೆ ಏನು ಕೆಲಸ ಮಾಡುತ್ತದೆ ಅನ್ನೋದಕ್ಕೆ ಅಮೆರಿಕದ ಒಂದು ಅಧ್ಯಯನವನ್ನು ಸತೀಶನಿಗೆ ಹೇಳಿದೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಸುಮಾರು 10 ನಿಮಿಷ ಮಾತಾಡಿದರು. ವಾದ ಮಾಡಲಿಲ್ಲ. ‘ನಿಮ್ಮನ್ನು ಬೇರೆ ಥರ ನೋಡಿದ ದಿನ ಯಾವುದಾದರೂ ಇದೆಯಾ’ ಅನ್ನುವಂಥ ಮಾತಿನಿಂದ ಅವರ ಅನುಭವವನ್ನೇ ಹೊರಗೆ ತೆಗೆದರು. ಟ್ರಾನ್ಸ್ ಜನರ ಬಗ್ಗೆ ಇದ್ದ ಅಸಹನೆ ಕಡಿಮೆಯಾಯಿತು, ಮೂರು ತಿಂಗಳಾದರೂ ಹಾಗೇ ಉಳಿಯಿತು. ಮಾತಾಡಲು ಹೋದವರು ಟ್ರಾನ್ಸ್ ಆಗಿರಲೇಬೇಕು ಅಂತಲೂ ಇರಲಿಲ್ಲ. (ಸಲಿಂಗ ವಿವಾಹದ ಬಗ್ಗೆ ಬೇರೊಬ್ಬರು ಮಾಡಿದ ಇಂಥದ್ದೇ ಅಧ್ಯಯನದಲ್ಲಿ ಮೋಸ ಇದೆ ಅಂತ ಹಿಂದಿನ ವರ್ಷ ಬಯಲು ಮಾಡಿದವರಲ್ಲಿ ಇವರಿಬ್ಬರೂ ಇದ್ದರು. ಹಾಗಾಗಿ ಇವರ ಲೆಕ್ಕವನ್ನು ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ.) ಮಯಾಮಿ ನಮ್ಮ ಊರಲ್ಲ, ಅಪರಿಚಿತರಿಗೆ ಬಾಗಿಲು ತೆಗೆಯುವುದೂ ಚಿಕ್ಕಪ್ಪನಿಗೆ ಕಾಫಿ ಕೊಡುವುದೂ ಒಂದೇ ಅಲ್ಲ. ಆದರೂ ಸತೀಶನಿಗೆ ನಾನು ಕೊಟ್ಟ ಸಲಹೆ ಇದನ್ನೇ ಹಿಡಿದು. ತಂಗಿಯನ್ನು ಮನೆಯಲ್ಲಿ ಇಟ್ಟುಕೊಂಡದ್ದು ಒಪ್ಪಿಗೆ ನಿಜ. ಆದರೆ ಗುಂಪಿನಲ್ಲಿ ನಗುವ ಮುಖಗಳು ಬಂದಾಗ ನೀನೂ ಸುಮ್ಮನಿದ್ದೆ. ಗುಂಪಿನಲ್ಲಿ ಭಾಷಣ ಬರೆಯಬೇಡ. ಚಿಕ್ಕಪ್ಪನ ಮನೆಗೆ ಒಬ್ಬನೇ ಹೋಗು, ಮೇಘಾ ಬೇಡ. ಕಾನೂನು ಹೇಳಬೇಡ. ಅಪ್ಪ ಹೊರಗೆ ಹಾಕಿದ ರಾತ್ರಿ ಏನಾಯಿತು ಅಂತ ಹೇಳು. ನೀರಿನ ಬಾಟಲಿಯ ವಿಷಯ ಮೇಘಾ ಒಪ್ಪಿದರೆ ಮಾತ್ರ ಹೇಳು.

ಮೇಘಾಗೆ ಮೊದಲು ವೈದ್ಯರನ್ನು ನೋಡಲು ಹೇಳಿದೆ. ಇದು ಅತಿ ಸಣ್ಣ ಸಲಹೆ, ಅವಳು ಅತಿ ಹೆಚ್ಚು ಮುಂದೂಡಿದ್ದೂ ಇದನ್ನೇ.

ಆಫೀಸ್ ಗೇಟಿನ ಧರಣಿ ಬೇಡ ಅಂತ ನಾನು ಹೇಳಲಿಲ್ಲ, ಏನಾಗಬಹುದು ಅಂತ ಹೇಳಿದೆ. ಬೆಂಗಳೂರಿನಲ್ಲಿ 2021ರ ಪೊಲೀಸ್ ಆದೇಶದ ಪ್ರಕಾರ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಗೇಟಿನ ಮುಂದೆ ಕೂತರೆ ಎಲ್ಲರ ಮೇಲೂ ಕೇಸು ಬೀಳಬಹುದು. ಗೆಳೆಯರು ಮನೆಗೆ ಹೋಗ್ತಾರೆ, ಸೋಮವಾರ ಅದೇ ಗೇಟಿನೊಳಗೆ ಹೋಗಬೇಕಾದವಳು ಅವಳೊಬ್ಬಳೇ. ಅದಕ್ಕಿಂತ ಮೊದಲು ಮಾಡಬಹುದಾದದ್ದು ಒಂದು ಇತ್ತು. 2019ರ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. 2020ರ ನಿಯಮದ ಪ್ರಕಾರ ದೂರು ಬಂದ 15 ದಿನದಲ್ಲಿ ವಿಚಾರಣೆ ಆಗಬೇಕು. ಎಲ್ಲರೂ ಬಳಸಬಹುದಾದ ಶೌಚಾಲಯದ ಮಾತೂ ಆ ನಿಯಮಗಳಲ್ಲೇ ಇದೆ. ದೂರನ್ನು ಇಮೇಲ್‌ನಲ್ಲೇ ಕೊಡು, ನಿಯಮದ ಹೆಸರು ಹಾಕು, ದಿನಾಂಕ ಹಾಕು, ಕೋಪ ಹಾಕಬೇಡ. ಉತ್ತರ ಬರದಿದ್ದರೆ ಆಗ ಗೆಳೆಯರಿದ್ದಾರೆ. ಆ ನಿಯಮ ಅಲ್ಲಿರುವುದೂ ಯಾರೋ ಬೀದಿಗಿಳಿದದ್ದಕ್ಕೇ ಅಂದಾಗ ಅವಳು ಮೊದಲ ಸಲ ನಕ್ಕಳು.

ದ್ರೋಹದ ಭಾವನೆಗೆ ಹೆಚ್ಚು ಸಮಯ ಹಿಡಿಯಿತು. ಪ್ರತಿ ದಿನ ಕಚೇರಿಯಲ್ಲಿ ಅವಮಾನ ನುಂಗಿ, ರಜೆಯ ದಿನ ಅದನ್ನೇ ಮತ್ತೆ ಮೈಕಿನಲ್ಲಿ ಹೇಳುವವರಿಗೆ ದೇಹ ಕುಸಿಯುವುದು ಸಹಜ. ಅದು ಹೇಡಿತನ ಅಲ್ಲ. ಎಲ್ಲ ಧರಣಿಗೂ ಹೋಗಬೇಕಿಲ್ಲ. ಬ್ಯಾನರ್ ಬರೆಯೋದು, ಅರ್ಜಿ ಟೈಪ್ ಮಾಡೋದು, ಹೊಸಬರ ಜೊತೆ ಠಾಣೆಗೆ ಹೋಗೋದು ಇವೂ ಹೋರಾಟವೇ. ಗುಂಪಿಗೆ ಒಂದೇ ವಾಕ್ಯ ಕಳಿಸಲು ಹೇಳಿದೆ: ‘ಮೂರು ತಿಂಗಳು ಬರಲ್ಲ, ಬರವಣಿಗೆ ಕೆಲಸ ಕೊಡಿ.’ ಕಾರಣ ಬರೆಯಬೇಡ ಅಂದೆ. ಚುಚ್ಚಿದವರು ಮತ್ತೆ ಚುಚ್ಚಿದರು. ಉಳಿದವರು ಕೆಲಸ ಕೊಟ್ಟರು.

ಕಂಪನಿಯಲ್ಲಿ ದೂರು ಅಧಿಕಾರಿ ಅಂತ ಯಾರೂ ಇರಲೇ ಇಲ್ಲ. ಇಮೇಲ್ ಹೋದ ಮೇಲೆ ಗಡಿಬಿಡಿಯಲ್ಲಿ ಮಾನವ ಸಂಪನ್ಮೂಲ ವಿಭಾಗದವರೊಬ್ಬರನ್ನು ನೇಮಿಸಿದರು. ಅವಳ ಮಹಡಿಯಲ್ಲೇ ಒಂದು ಶೌಚಾಲಯದ ಬೋರ್ಡು ಬದಲಾಯಿತು. ಮನೆ ಮಾಲೀಕರ ವಿಷಯದಲ್ಲಿ ಮಾತ್ರ ಏನೂ ಆಗಲಿಲ್ಲ. ಬಾಡಿಗೆಗೆ ತಾರತಮ್ಯ ಮಾಡಬಾರದು ಅಂತ ಕಾಯ್ದೆ ಹೇಳುತ್ತದೆ, ಮಾಡಿದರೆ ಏನು ಶಿಕ್ಷೆ ಅಂತ ಹೇಳುವುದಿಲ್ಲ. ಮೇಘಾ ಇನ್ನೂ ಅಣ್ಣನ ಮನೆಯಲ್ಲೇ ಇದ್ದಾಳೆ.

ಸತೀಶ್ ಚಿಕ್ಕಪ್ಪನ ಮನೆಗೆ ಹೋಗಿ ಬಂದ. ಚಿಕ್ಕಪ್ಪ ಏನೂ ಒಪ್ಪಲಿಲ್ಲ, ಆದರೆ ವಿಡಿಯೋ ಅಳಿಸಿದರಂತೆ. ಈಗ ಅವನ ಚಿಂತೆ ಹೆಂಡತಿಯ ತವರಿಗೆ ಯಾವಾಗ, ಹೇಗೆ ಹೇಳೋದು ಅಂತ. ಅದನ್ನು ಅವನೊಬ್ಬನೇ ತೀರ್ಮಾನಿಸುವಂತಿಲ್ಲ. ಮುಂದಿನ ಸಲ ಹೆಂಡತಿಯನ್ನೂ ಕರೆತರಲು ಹೇಳಿದ್ದೇನೆ.